ಹೋಗಿ ಬರ್ತೀನಿ ಅಂದವರ ಜಾಗ

ಆ ಊರು ಸ್ಪೇನ್ ದೇಶದೊಳಗಿದೆ ಎಂದು ಸಿಸ್ಟರ್ ಕ್ಲೆಮೆನ್ಸಿಯಾ ಹೇಳುತ್ತಿದ್ದರು. ನಕ್ಷೆ ಹರವಿಕೊಂಡು ಹುಡುಕಿ ನನ್ನ ಕಣ್ಣು ನೋವಾಯಿತೇ ಹೊರತು ಊರು ಸಿಗಲಿಲ್ಲ. ಕಡೆಗೆ ಅವರು ಔಷಧಿ ಚೀಟಿಯ ಹಿಂದೆ ಬರೆದುಕೊಟ್ಟಿದ್ದ ಎರಡು ಬಸ್ಸುಗಳ ಗುರುತು ಹಿಡಿದುಕೊಂಡೇ ಹೊರಟೆ. ಎರಡನೆಯ ಬಸ್ಸಿನವನು ನನ್ನನ್ನು ಒಂದು ಬೋಳು ಬಯಲಿನಲ್ಲಿ ಇಳಿಸಿ, ನನ್ನ ಇಳಕಲ್ ಸೀರೆಯನ್ನೂ ಅದರ ಮೇಲಿನ ಸ್ವೆಟರನ್ನೂ ಒಮ್ಮೆ ನೋಡಿ, ಬಸ್ಸು ತಿರುಗಿಸಿಕೊಂಡು ಹೋದ. ಎದುರಿಗೆ ಗೋಡೆ ನಿಂತಿತ್ತು. ನಮ್ಮ ಕಡೆಯ ಕೋಟೆಗಳಂತೆ ಅರ್ಧ ಕುಸಿದು, ಉಳಿದರ್ಧಕ್ಕೆ ಎಮ್ಮೆ ಕಟ್ಟುವ ಗೋಡೆಯಲ್ಲ ಅದು. ಒಂದು ಕಲ್ಲೂ ಕದಲದ, ದುಂಡು ಬುರುಜುಗಳ ಗೋಡೆ. ಅದರ ಆಚೆಯಿಂದ ಏಳು ಚರ್ಚುಗಳ ಗೋಪುರಗಳು ಇಣುಕುತ್ತಿದ್ದವು. ಒಂದೊಂದರ ತುದಿಯಲ್ಲೂ ಕೊಕ್ಕರೆಗಳು ಕಟ್ಟಿಗೆ ಪೇರಿಸಿ ಸಂಸಾರ ಹೂಡಿದ್ದವು.

ನಾನು ಸಾವಂತ್ರೆವ್ವ ಹೂಗಾರ. ಗದಗ ಸೀಮೆಯ ಒಂದು ಸಣ್ಣ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ನಲವತ್ತು ವರ್ಷ ನರ್ಸಾಗಿದ್ದವಳು. ನನ್ನ ಕೈಯಲ್ಲಿ ಹುಟ್ಟಿದ ಮಕ್ಕಳೇ ಈಗ ಬಸ್ಸಿನಲ್ಲಿ ನನಗೆ ಸೀಟು ಬಿಡದೆ ಮೊಬೈಲು ನೋಡುತ್ತ ಕೂತಿರುತ್ತವೆ, ಅದಿರಲಿ. ಆ ಆಸ್ಪತ್ರೆಯನ್ನು ನಡೆಸುತ್ತಿದ್ದವರು ಸಿಸ್ಟರ್ ಕ್ಲೆಮೆನ್ಸಿಯಾ. ಹಳ್ಳಿಯ ಹೆಂಗಸರ ಬಾಯಲ್ಲಿ ಆ ಹೆಸರು ತಿರುಗದೆ ಕಮಲವ್ವ ಆಯಿತು, ಅವರೂ ಓಗೊಡುವುದನ್ನು ಕಲಿತರು. ಹೊಕ್ಕಳ ಬಳ್ಳಿ ಕತ್ತರಿಸುವುದನ್ನೂ ತಮ್ಮ ಭಾಷೆಯನ್ನೂ ಅವರು ನನಗೆ ಕಲಿಸಿದರು, ನಾನು ಅವರಿಗೆ ಕನ್ನಡ ಕಲಿಸಿದೆ. ಮೊದಲ ದಿನವೇ ತಿದ್ದಬೇಕಾಯಿತು. ಊಟಕ್ಕೆ ಹೊರಟವರು, "ಸಾವಂತ್ರೀ, ನಾನು ಹೋಗ್ತೀನಿ" ಅಂದರು. "ಅಯ್ಯ, ಹಂಗನಬ್ಯಾಡ್ರಿ ಸಿಸ್ಟರ್! ಸಾಯೋರು ಅನ್ನೋ ಮಾತದು. ಹೋಗಿ ಬರ್ತೀನಿ ಅನ್ರಿ" ಎಂದೆ. ಅವರು ನಗಲಿಲ್ಲ. "ನಮ್ಮೂರಿನ ಬಾಗಿಲಲ್ಲೂ ಹೀಗೇ" ಎಂದರು. ಆಗ ನನಗೆ ಅದು ಅರ್ಥವಾಗಲಿಲ್ಲ.

ಬಂದ ವರ್ಷದಿಂದಲೂ ಅವರಿಗೆ ಊರಿಗೆ ಹೋಗುವ ಆಸೆ. ಈ ವರ್ಷ ಹೆರಿಗೆ ಜಾಸ್ತಿ, ಮುಂದಿನ ವರ್ಷ ನೋಡೋಣ ಅನ್ನುವರು. ಹಾಗೆ ಅನ್ನುತ್ತಲೇ ನಲವತ್ತೊಂದು ವರ್ಷ ಆಯಿತು. ಹಾಸಿಗೆ ಹಿಡಿದ ಮೇಲೆ ಒಂದು ದಿನ ನನ್ನನ್ನು ಕರೆದು, "ಪತ್ರ ಬರದ್ರ ನಡ್ಯೂದಿಲ್ಲ ಸಾವಂತ್ರೀ. ನಾ ಹೋದ ಸುದ್ದಿ ನಮ್ಮೂರ ಬಾಗಲದಾಗ ನಿಂತು ಬಾಯಿಲೆ ಹೇಳಿ ಬರಬೇಕು ನೀನು" ಎಂದರು. ಶ್ರಾವಣದ ಒಂದು ಬೆಳಗ್ಗೆ ನನ್ನ ಕೈ ಹಿಡಿದುಕೊಂಡು, "ಹೋಗಿ ಬರ್ತೀನವಾ" ಅಂದರು. ನಾನು ದಿನಾ ಅನ್ನುವ ಹಾಗೆ "ಹೂಂ, ಬರ್ರಿ" ಅಂದೆ. ಮಧ್ಯಾಹ್ನಕ್ಕೆ ಉಸಿರು ನಿಂತಿತು. ಆಸ್ಪತ್ರೆಯ ಹಿತ್ತಲಿನ ಬೇವಿನ ಮರದ ಕೆಳಗೆ ಮಣ್ಣು ಮಾಡಿದೆವು. ನನಗೆ ರಿಟೈರ್ ಆಗಲು ಆರು ತಿಂಗಳಿತ್ತು. ಅದು ಮುಗಿದ ಮೇಲೆ ಹೊರಟು ಬಂದವಳು ನಾನು.

ಬಾಗಿಲಿನ ಕಮಾನಿನ ಕೆಳಗೆ ಸ್ಟೂಲು ಹಾಕಿಕೊಂಡು ಒಬ್ಬ ಮುದುಕ ಕೂತಿದ್ದ. ಹೆಸರು ಇಸಿದ್ರೊ, ಊರಿನ ಬಾಗಿಲು ಕಾಯುವವನು. ಅವನು ಆಡಿದ್ದು ಅವನ ಭಾಷೆಯನ್ನೇ. ಆದರೆ ಕಮಲವ್ವನಿಂದ ಕಲಿತ ಕಿವಿಯಲ್ಲವೇ, ನನಗೆ ಅದು ನಮ್ಮ ಓಣಿಯ ಮಾತಿನಂತೆಯೇ ಕೇಳಿಸಿತು. ಹಾಗೆಯೇ ಬರೆಯುತ್ತೇನೆ. "ನಿಲ್ರಿ ತಾಯಿ, ಹೊಸ್ತಿಲು ದಾಟಬ್ಯಾಡ್ರಿ. ನಿಮಗ ಜಾಗಾ ಬಿಡೋರು ಇನ್ನ ಹೊರಗ ಬಂದಿಲ್ಲ" ಎಂದ.

ಅವನು ಹೇಳಿದ್ದರ ಸಾರ ಇಷ್ಟು. ಗೋಡೆಯೊಳಗೆ ಎಷ್ಟು ಜನ ಇರಬೇಕೋ ಅಷ್ಟೇ. ಎಷ್ಟೆಂದು ಅವನಿಗೂ ಗೊತ್ತಿಲ್ಲ, ಗಂಟೆಗಳಿಗೆ ಗೊತ್ತು. ಒಂದು ತಲೆ ಹೆಚ್ಚಾದರೆ ಏಳು ಚರ್ಚುಗಳ ಗಂಟೆಗಳೂ ಬಾಯಿ ಕಟ್ಟಿ ಕೂತುಬಿಡುತ್ತವೆ. ಹಗ್ಗ ಎಳೆದರೆ ತೂಗುತ್ತವೆ, ದನಿ ಬರುವುದಿಲ್ಲ. ಗಂಟೆ ಬಾರಿಸದೆ ಆ ಊರಿನಲ್ಲಿ ಅಂಗಡಿ ತೆರೆಯುವುದಿಲ್ಲ, ಒಲೆ ಹಚ್ಚುವುದಿಲ್ಲ. ಹೊರಗೆ ಹೋಗುವವರು ಬಾಗಿಲಲ್ಲಿ ಒಂದು ಮಾತು ಹೇಳಿ ಹೋಗಬೇಕು. "ಹೋಗ್ತೀನಿ" ಅಂದರೆ ಜಾಗ ಖಾಲಿ, ಬೇರೆಯವರು ಬರಬಹುದು. "ಹೋಗಿ ಬರ್ತೀನಿ" ಅಂದರೆ ಬರುವ ತನಕ ಜಾಗ ಅವರದೇ. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಹಾಕಿದ ಹಾಗೆ ಎಂದು ನಾನು ತಿಳಿದುಕೊಂಡೆ. ಸತ್ತವರನ್ನು ಬಾಗಿಲು ದಾಟಿಸುವಾಗ ಮನೆಯವರು "ಹೋದರು" ಅನ್ನಬೇಕು. "ಗಂಟಿಗೆ ಸಾವು ತಿಳಿಯೂದಿಲ್ಲರಿ. ಮಾತು ತಿಳೀತದ" ಎಂದ ಇಸಿದ್ರೊ.

ಅಷ್ಟರಲ್ಲಿ ಒಳಗಿನಿಂದ ಮಡಿಸುವ ಕುರ್ಚಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಹೆಣಿಗೆಯ ಚೀಲ ಹಿಡಿದು ಒಬ್ಬ ಹೆಂಗಸು ಬಂದಳು. ನನ್ನದೇ ವಯಸ್ಸು, ನನ್ನ ಎರಡರಷ್ಟು ಗಟ್ಟಿ. ಹೆಸರು ಬೆನೀತಾ. ನೋಡಲು ಬಂದವರಿಗೆ ಮೂರು ದಿನ ಜಾಗ ಬಿಟ್ಟುಕೊಡುವುದಕ್ಕೆ ಮನೆಮನೆಗೂ ಪಾಳಿ ಇದೆ, ಈ ಸಲ ಅವಳ ಮನೆಯದು. ಅವಳನ್ನು ಕಳಿಸಲು ಮಗಳು ಪಿಲಾರ್ ಬಂದಿದ್ದಳು, ತುಂಬಿದ ಬಸುರಿ. "ಇನ್ನ ಹತ್ತು ದಿನಾ ಐತಿ, ಅದಕ್ಕ ಧೈರ್ಯ ಮಾಡಿ ಹೊಂಟೇನಿ" ಎಂದಳು ಬೆನೀತಾ. ಪಿಲಾರಳ ಹೊಟ್ಟೆ ಇಳಿದಿದ್ದ ರೀತಿ ನೋಡಿದರೆ ನನಗೆ ಹತ್ತು ದಿನ ಕಾಣಲಿಲ್ಲ. ಆದರೆ ಬಂದ ಗಳಿಗೆಗೇ ಬುದ್ಧಿ ಹೇಳುವುದು ಹೇಗೆ ಎಂದು ಸುಮ್ಮನಾದೆ.

ಯಾವ ಊರಿನವರು ಎಂದು ಇಸಿದ್ರೊ ಕೇಳಿದ. ಹೇಳಿದೆ. ಮುದುಕ ಸ್ಟೂಲು ಬಿಟ್ಟು ಎದ್ದೇ ನಿಂತ. "ನಮ್ಮ ಕ್ಲೆಮೆನ್ಸಿಯಾ ಇರೋ ಊರು! ಹ್ಯಾಂಗ ಅದಾಳರಿ ಅಕಿ? ಇದ ಬಾಗಲದಾಗ ನನ್ನ ಮುಂದ ನಿಂತು ಹೋಗಿ ಬರ್ತೀನಿ ಅಂದು ಹೋದಾಕಿ. ನಾ ಆಗ ಹೊಸದಾಗಿ ಕೆಲಸಕ್ಕ ಕುಂತಿದ್ದೆ" ಎಂದು ನನ್ನ ಮುಖ ನೋಡಿದ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಪಿಲಾರ್ ಎರಡೂ ಕೈಯಿಂದ ಹೊಟ್ಟೆ ಹಿಡಿದು ನಿಂತಿದ್ದಳು. ದಿನ ತುಂಬಿದ ಬಸುರಿಯ ಮುಂದೆ ಸಾವಿನ ಸುದ್ದಿ ಎತ್ತಬಾರದು. ನಮ್ಮಲ್ಲಿ ಹುಟ್ಟಿದ ಯಾವ ಹೆಣ್ಣುಮಗಳೂ ಎತ್ತುವುದಿಲ್ಲ, ನಲವತ್ತು ವರ್ಷ ಹೆರಿಗೆ ಮಾಡಿಸಿದ ನಾನಂತೂ ಎತ್ತುವವಳೇ ಅಲ್ಲ. "ಆರಾಮ ಅದಾರ್ರಿ" ಅಂದುಬಿಟ್ಟೆ.

ಬೆನೀತಾ "ಹೋಗ್ತೀನಿ" ಅಂದು ಹೊಸ್ತಿಲಾಚೆ ಬಂದಳು, ನಾನು ಒಳಗೆ ಹೋದೆ. ಗಂಟೆಗಳು ಎಂದಿನಂತೆ ಬಾರಿಸಿದವು. ಆ ಮಾತನ್ನು ಅವಳು ಎಷ್ಟು ಸಲೀಸಾಗಿ ಅಂದಳೆಂದರೆ ನನಗೆ ಮೈ ಜುಮ್ಮೆಂದಿತು.

ಎರಡು ದಿನ ಪಿಲಾರ್ ನನಗೆ ಊರು ತೋರಿಸಿದಳು. ಬೇಡ, ಮಲಗು ಅಂದರೆ ಕೇಳಲಿಲ್ಲ. ಓಣಿಗಳು ಎರಡು ಕತ್ತೆ ಎದುರಾದರೆ ಒಂದು ಹಿಂದೆ ಸರಿಯಬೇಕು ಅನ್ನುವಷ್ಟು ಇಕ್ಕಟ್ಟು. ಒಂದು ಚರ್ಚಿನಲ್ಲಿ ನೆಲದ ತುಂಬ ಸತ್ತವರ ನೆನಪಿನ ಕಲ್ಲುಗಳು, ಒಂದೊಂದರ ಮೇಲೂ ಹೆಸರು, ಅದರ ಕೆಳಗೆ "ಹೋದರು" ಅನ್ನುವ ಒಂದೇ ಮಾತು. ಬೇರೆ ಬಿರುದು ಬಾವಲಿ ಏನಿಲ್ಲ. ಇನ್ನೊಂದರಲ್ಲಿ ಮಾತೆಯ ಮರದ ವಿಗ್ರಹ. ಅವಳ ಬಲಪಾದ ಸವೆದು ಬೆರಳುಗಳೇ ಉಳಿದಿಲ್ಲ. "ಅಜ್ಜಿಗೋಳು ಮುಟ್ಟಿ ಮುಟ್ಟಿ ಹಂಗಾಗೇತಿ" ಎಂದಳು ಪಿಲಾರ್. ಯಾವ ಅಜ್ಜಿಯರು ಎಂದು ಕೇಳಿದೆ. ಅವಳು ನನ್ನ ಕೈಹಿಡಿದು ಗೋಡೆಯ ಮೇಲಿನ ಹಾದಿಗೆ ಹತ್ತಿಸಿದಳು.

ಸಂಜೆಯ ಹೊತ್ತು. ಗೋಡೆಯ ಮೇಲೆ ಎಳೆಯ ತಾಯಂದಿರು ಸಾಲಾಗಿ ನಿಂತು ಕೂಸುಗಳನ್ನು ಎತ್ತಿ ಹಿಡಿದಿದ್ದರು. ಕೆಳಗೆ, ಹೊರಗಡೆ, ಗೋಡೆಗೆ ಆತುಕೊಂಡು ಕಟ್ಟಿದ ಸಣ್ಣ ಮನೆಗಳ ಮುಂದೆ ಮುದುಕಿಯರು ಕುರ್ಚಿ ಹಾಕಿಕೊಂಡು ಕತ್ತು ಎತ್ತಿ ಕೂತಿದ್ದರು. "ಹಲ್ಲು ಬಂತೇನ?" ಎಂದು ಒಬ್ಬಳು ಕೂಗುತ್ತಿದ್ದಳು. "ಟೋಪಿ ತಗೀ, ಕೂದಲಾ ನೋಡೂನು" ಎಂದು ಇನ್ನೊಬ್ಬಳು. ಕೂಸು ಹುಟ್ಟಿದ ದಿನವೇ ಮನೆಯಿಂದ ಒಂದು ತಲೆ ಹೊರಗೆ ಹೋಗಬೇಕು. ಬಾಣಂತಿ ಹೋಗಲಾರಳು, ದುಡಿಯುವ ಗಂಡಸನ್ನು ಕಳಿಸಲಾಗದು. ಹೋಗುವವಳು ಅಜ್ಜಿ. ಕೂಸಿಗೆ ಮೊದಲ ಸ್ನಾನ ಮಾಡಿಸಿ, ಒಣ ಬಟ್ಟೆ ಸುತ್ತಿ ತಾಯಿಯ ಮಗ್ಗುಲಿಗೆ ಹಾಕಿ, ಚರ್ಚಿನ ಮಾತೆಯ ಪಾದ ಮುಟ್ಟಿ, ಕುರ್ಚಿ ಎತ್ತಿಕೊಂಡು ಹೊರಡುತ್ತಾಳೆ. ಒಳಗೆ ಯಾರದಾದರೂ ಜಾಗ ಖಾಲಿಯಾದರೆ ಎಲ್ಲಕ್ಕಿಂತ ಚಿಕ್ಕ ಕೂಸಿನ ಅಜ್ಜಿಗೆ ಮೊದಲ ಪಾಳಿ. ದೊಡ್ಡ ಮಕ್ಕಳಾದರೆ ತಾವೇ ಬಾಗಿಲಿನ ತನಕ ಓಡಿ ಬರುತ್ತವಲ್ಲ ಎಂದು ಆ ಮುದುಕಿಯರೇ ಮಾಡಿಕೊಂಡ ಕಟ್ಟಳೆ ಅದು. ಬೆನೀತಾ ಕೆಳಗಿನಿಂದ ನನ್ನನ್ನು ನೋಡಿ ಕೈಬೀಸಿದಳು. "ಈ ವರ್ಷ ಒಬ್ಬರೂ ಸತ್ತಿಲ್ಲರಿ! ಈ ಊರ ಹವಾ ಹಾಳಾಗಿ ಹೋಗ್ಲಿ, ಭಾಳ ಚಲೋ ಐತಿ!" ಎಂದು ಕೂಗಿದಳು. ಮುದುಕಿಯರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಮರುದಿನ ಕಮಲವ್ವನ ಚರ್ಚಿಗೆ ಹೋದೆವು. ಅದರ ಹಿಂಬದಿಯ ಗೋಡೆ ಊರಿನ ಗೋಡೆಯೇ. ಪೂಜೆಯ ಜಾಗದ ಹಿಂದೆ ಕಿವಿಯಿಟ್ಟರೆ ಹೊರಗಿನ ಗಾಳಿ ಕೇಳುತ್ತದೆ. ಒಳಗೆ ತಣ್ಣಗೆ, ಅರೆಗತ್ತಲು, ಮೇಣದ ವಾಸನೆ. ಮೂರನೆಯ ಸಾಲಿನಲ್ಲಿ ಹುಲ್ಲು ಹೆಣೆದ ಒಂದು ಕುರ್ಚಿಯ ಮೇಲೆ ಒಗೆದ ಬಿಳಿಯ ವಸ್ತ್ರ ಹಾಸಿತ್ತು. ಉಳಿದ ಕುರ್ಚಿಗಳಲ್ಲಿ ಜನ ಒತ್ತಿಕೊಂಡು ಕೂತಿದ್ದರೂ ಅದರ ಮೇಲೆ ಯಾರೂ ಕೂತಿರಲಿಲ್ಲ. "ಇದು ಸಿಸ್ಟರ್ ಕ್ಲೆಮೆನ್ಸಿಯಾ ಅವರದು. ಶನಿವಾರಕ್ಕೊಮ್ಮಿ ಒಬ್ಬೊಬ್ಬರು ಪಾಳಿ ಮ್ಯಾಲ ವಸ್ತ್ರ ಬದಲಸ್ತೀವಿ. ನಾ ಅವರನ್ನ ನೋಡೇ ಇಲ್ಲ, ಆದ್ರೂ ಬದಲಸ್ತೀನಿ" ಎಂದಳು ಪಿಲಾರ್. ನಲವತ್ತೊಂದು ವರ್ಷ ಒಂದು ಕುರ್ಚಿ. ನಾನು ಬಾಯಿ ಬಿಟ್ಟರೆ ಆ ವಸ್ತ್ರ ಹೋಗುತ್ತದೆ, ಕಮಲವ್ವ ಈ ಊರಿಂದಲೂ ಹೋಗುತ್ತಾರೆ. ಬಾಯಿ ಬಿಡದಿದ್ದರೆ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಬೆನೀತಾ ತನ್ನ ಮೊಮ್ಮಗುವನ್ನು ದೂರದಿಂದ ನೋಡುತ್ತ ಮುದುಕಿಯಾಗುತ್ತಾಳೆ. ಹೆರಿಗೆ ಆದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಅದು ಬಸುರಿಯ ಮೇಲಿನ ಕಾಳಜಿಯೋ ನನ್ನ ಹೇಡಿತನವೋ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಮೂರನೆಯ ದಿನ ಹನ್ನೊಂದರ ಸುಮಾರಿಗೆ ಪಿಲಾರ್ ಬ್ರೆಡ್ಡು ಕೊಯ್ಯುತ್ತಿದ್ದವಳು ಚಾಕು ಕೆಳಗಿಟ್ಟು ಮೇಜು ಹಿಡಿದು ನಿಂತಳು. ಗೋಡೆಯ ಕಲ್ಲು ಕೂಡಿಸುವ ಕೆಲಸದ ಅವಳ ಗಂಡ ಸೂಲಗಿತ್ತಿಯನ್ನು ಕರೆಯಲು ಓಡಿದ. ಅವಳು ಬರುವಷ್ಟರಲ್ಲಿ ಕೂಸು ನನ್ನ ಕೈಯಲ್ಲಿತ್ತು. ಹೆಣ್ಣು, ತಲೆ ತುಂಬ ಕೂದಲು, ಅಜ್ಜಿಯಂತೆಯೇ ಗಟ್ಟಿ ಗಂಟಲು. ಅದು ಅತ್ತದ್ದೇ ತಡ, ಹನ್ನೆರಡರ ಗಂಟೆ ಬಾರಿಸುತ್ತಿದ್ದ ಏಳು ಚರ್ಚುಗಳೂ ಮಧ್ಯದಲ್ಲೇ ನಿಂತುಹೋದವು. ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಓಣಿಯಲ್ಲಿ ಯಾರೋ "ಕೂಸು ಹುಟ್ಟೇತಿ!" ಎಂದು ಕೂಗಿದರು, ಕಿಟಕಿಗಳಲ್ಲಿ ಚಪ್ಪಾಳೆ ಬಿತ್ತು. ಪಿಲಾರ್ ಮಾತ್ರ ಅಳತೊಡಗಿದಳು. "ನೀವು ಹೊಂಟ್ರ ನಿಮ್ಮ ಜಾಗಾ ಕೂಸಿಗೆ ಆಗತೈತಿ. ಅದು ನಮ್ಮವ್ವನ ಜಾಗಾ. ನಮ್ಮವ್ವಗ ಸ್ನಾನ ಮಾಡಸೂ ಭಾಗ್ಯನೂ ಇಲ್ದಂಗಾತು" ಎಂದಳು. ಆ ಸ್ನಾನವನ್ನು ನಾನು ಮಾಡಿಸಿದೆ. ಬೇರೆಯವರ ತಟ್ಟೆಯಲ್ಲಿ ಕೈ ಹಾಕಿದ ಹಾಗೆ ಅನ್ನಿಸಿತು.

ನನ್ನ ಚೀಲ ಎತ್ತಿಕೊಂಡು ಬಾಗಿಲಿಗೆ ಬಂದೆ. ಹಿಂದೆ ಅರ್ಧ ಓಣಿ ಬಂದಿತ್ತು. ಹೊರಗೆ ಬೆನೀತಾ ಕುರ್ಚಿ ಮಡಿಸಿ ಕಂಕುಳಲ್ಲಿಟ್ಟು ನಿಂತಿದ್ದಳು. ಗಂಟೆ ನಿಂತದ್ದು ಯಾರ ಕೂಸಿಗೆ ಎಂದು ಅವಳಿಗೆ ಆಗಲೇ ಗೊತ್ತಾಗಿ, ಮುಖ ಬಿಳಿಚಿಕೊಂಡಿತ್ತು. ಇಸಿದ್ರೊ ಟೋಪಿ ತೆಗೆದು, "ಹೇಳ್ರಿ ತಾಯಿ" ಎಂದ. ನಾನು ಎಲ್ಲರ ಕಡೆ ತಿರುಗಿ, ಕೈಮುಗಿದು, ಹುಟ್ಟಿದಾಗಿನಿಂದ ಎಲ್ಲ ಹೊಸ್ತಿಲಲ್ಲೂ ಹೇಳಿದ್ದನ್ನೇ ಹೇಳಿದೆ. "ಹೋಗಿ ಬರ್ತೀನ್ರಿ."

ದಾಟಿ ನಿಂತೆ. ಗಂಟೆ ಬಾರಿಸಲಿಲ್ಲ. ಇಸಿದ್ರೊ ಕೆನ್ನೆ ಮೇಲೆ ಕೈಯಿಟ್ಟುಕೊಂಡ. "ಏನ್ ಮಾಡಿದ್ರಿ ತಾಯಿ! ಜಾಗಾ ನಿಮ್ಮ ಹೆಸರಿಗೆ ಇಟ್ಕೊಂಡ್ರಲ್ಲ! ಈಗ ಕೂಸ ಹೆಚ್ಚಾತು!" ಎಂದ. ಓಣಿಯವರು ಗುಸುಗುಸು ಅನ್ನತೊಡಗಿದರು. ಹೇಳಿದ ಮಾತು ಬದಲಿಸಲು ಬರುತ್ತದೆಯೇ ಎಂದು ಕೇಳಿದೆ. ಅದೇ ಹೊಸ್ತಿಲಿಗೆ ಬಂದು ಇನ್ನೊಮ್ಮೆ ಹೇಳಬಹುದು ಎಂದ. ಬಂದು ನಿಂತೆ. ಒಂದು ಮಾತು, ಮೂರೂವರೆ ಅಕ್ಷರ. ನಮ್ಮವ್ವ ಇದ್ದಿದ್ದರೆ ಬಾಯಿ ಮೇಲೆ ಹೊಡೆಯುತ್ತಿದ್ದಳು. ಕಣ್ಣು ಮುಚ್ಚಿಕೊಂಡು "ಹೋಗ್ತೀನಿ" ಅಂದೆ. ಏಳು ಚರ್ಚುಗಳೂ ಒಟ್ಟಿಗೆ ದನಿ ತೆಗೆದವು. ನಿಂತಲ್ಲಿಂದಲೇ ಶುರುಮಾಡಿ ಹನ್ನೆರಡರ ಉಳಿದ ಏಟುಗಳನ್ನು ಮುಗಿಸಿದವು.

ಬೆನೀತಾ ತಲೆ ಎತ್ತಿ ಎಣಿಸುವವಳಂತೆ ಕೇಳಿಸಿಕೊಂಡಳು. ಆಮೇಲೆ ಹೋಗಿ ಉಳಿದ ಮುದುಕಿಯರ ಸಾಲಿನ ಕೊನೆಯಲ್ಲಿ ಕುರ್ಚಿ ಬಿಡಿಸಿ ಹಾಕಿದಳು. ಕೂತುಕೊಳ್ಳುವ ಮುಂಚೆ ಅದು ಅಲ್ಲಾಡುತ್ತದೆಯೇ ಎಂದು ನೋಡಿ, ಒಂದು ಕಾಲಿನ ಕೆಳಗೆ ಚಪ್ಪಟೆ ಕಲ್ಲು ಇಟ್ಟಳು. ಬಹಳ ದಿನ ಕೂರುವವರು ಮಾಡುವ ಕೆಲಸ ಅದು. ನನಗೆ ಅದನ್ನು ನೋಡಲಾಗಲಿಲ್ಲ.

"ಇಸಿದ್ರೊ ಅಣ್ಣಾ, ಇನ್ನೊಂದು ಮಾತೈತಿ" ಎಂದೆ. ಅವನು ನನ್ನ ಮುಖ ನೋಡಿದ. ನಾನು ಹೇಳುವ ಮೊದಲೇ ಅವನಿಗೆ ಅರ್ಥವಾಯಿತು ಎಂದು ಕಾಣುತ್ತದೆ, ಸ್ಟೂಲಿಗಾಗಿ ಹಿಂದೆ ಕೈ ತಡವಿದ. "ನಾ ಅವತ್ತು ನಿಮ್ಮ ಮುಂದ ಸುಳ್ಳು ಹೇಳಿದೆ. ಬಸುರಿ ಇದ್ಳು, ಹೇಳಲಾಕ ಆಗಲಿಲ್ಲ" ಎಂದೆ. ಹೊಸ್ತಿಲ ಮೇಲೆ ಎರಡೂ ಕಾಲು ಊರಿ, ಅವರ ಊರು ಕೇಳುವ ಹಾಗೆ ಹೇಳಿದೆ. "ಸಿಸ್ಟರ್ ಕ್ಲೆಮೆನ್ಸಿಯಾ ಹೋದರು." ಹೇಳಿದ ಮೇಲೆ ಅತ್ತೆ. ಅವರು ಸತ್ತ ದಿನ ಅತ್ತಿರಲಿಲ್ಲ. ಅವತ್ತು ವಾರ್ಡಿನಲ್ಲಿ ಮೂರು ಹೆರಿಗೆ ಇದ್ದವು. ಸಾಲಿನಲ್ಲಿದ್ದ ಮುದುಕಿಯರಲ್ಲೆಲ್ಲ ಹಿರಿಯಳು, "ಚಿಕ್ಕ ಕೂಸಿನ ಅಜ್ಜಿ ಏಳವಾ" ಎಂದಳು. ಬೆನೀತಾ ಎದ್ದಳು, ಕುರ್ಚಿಯನ್ನು ಮರೆತಳು, ಹೊಸ್ತಿಲಲ್ಲಿ ನನ್ನ ಎರಡೂ ಕೈ ಹಿಡಿದು ಒತ್ತಿ, ಒಂದು ಕಾಲು ಒಳಗಿಟ್ಟಳು. ಎಲ್ಲರೂ ಮೇಲೆ ನೋಡಿದೆವು. ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಬಾರಿಸುತ್ತಿತ್ತು, ಬಾರಿಸುತ್ತಲೇ ಇತ್ತು. ಅವಳು ಎರಡನೆಯ ಕಾಲನ್ನೂ ಇಟ್ಟು ಓಡಿದಳು. ಅಷ್ಟು ದಪ್ಪ ಹೆಂಗಸು ಹಾಗೆ ಓಡಿದ್ದನ್ನು ನಾನು ಎಲ್ಲೂ ಕಂಡಿಲ್ಲ.

ಬಸ್ಸು ಬರುವ ತನಕ ನಾನು ಅವಳು ಬಿಟ್ಟ ಕುರ್ಚಿಯಲ್ಲಿ ಕೂತೆ. ಇಸಿದ್ರೊ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತ. "ಕ್ಲೆಮೆನ್ಸಿಯಾ ಹೋಗೂ ಮುಂದ ಏನರ ಅಂದಳೇನ್ರಿ?" ಎಂದು ಕೇಳಿದ. "ಹೋಗಿ ಬರ್ತೀನಿ ಅಂದ್ರು." "ಯಾರಿಗೆ?" "ನನಗ." ಮುದುಕನ ಮುಖ ಬೆಳಗಿತು. "ಹಂಗಾದ್ರ ಅಕಿ ಜಾಗಾ ನಿಮ್ಮೂರಾಗ ಐತಿ ಅನ್ರಿ. ಇಟ್ಟೀರಿ, ಹೌದಿಲ್ಲೋ?" ಎಂದ. ನಾನು ಬಸ್ಸು ಬರುವ ದಾರಿಯನ್ನೇ ನೋಡುತ್ತ ಕೂತೆ. ಅವರು ಹೋದ ಮರುವಾರವೇ ಡ್ಯೂಟಿ ಕೋಣೆಯಲ್ಲಿದ್ದ ಅವರ ಬೆತ್ತದ ಕುರ್ಚಿಯನ್ನು ಆಯಾಗೆ ಹೇಳಿ ಸ್ಟೋರ್ ರೂಮಿಗೆ ಹಾಕಿಸಿದವಳು ನಾನೇ. ಖಾಲಿ ಕುರ್ಚಿ ಕಣ್ಣಿಗೆ ಬೀಳಬಾರದು ಎಂದು. ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಗೋಡೆಯ ಮೇಲೆ ಬೆನೀತಾ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಕೆಳಗಿದ್ದವಳು ನಾನೊಬ್ಬಳೇ ಎಂಬಂತೆ ನನಗೇ ತೋರಿಸುತ್ತಿದ್ದಳು.

ಊರಿಗೆ ಬಂದ ಮರುದಿನ ಆಸ್ಪತ್ರೆಗೆ ಹೋದೆ. ರಿಟೈರ್ ಆದವಳು ಸ್ಟೋರ್ ರೂಮಿನ ಕೀಲಿ ಕೇಳಿದ್ದಕ್ಕೆ ಹೊಸ ಹುಡುಗಿಯರು ಮುಖ ಮುಖ ನೋಡಿಕೊಂಡರು. ಮುರಿದ ಸಲೈನ್ ಸ್ಟ್ಯಾಂಡುಗಳ ಅಡಿಯಿಂದ ಕುರ್ಚಿ ಎಳೆದು, ಧೂಳು ಒರೆಸಿ, ಡ್ಯೂಟಿ ಕೋಣೆಯಲ್ಲಿ ಅದು ಮೊದಲಿದ್ದ ಮೂಲೆಯಲ್ಲೇ ಇಟ್ಟೆ. ಮನೆಯಿಂದ ತಂದ ಒಗೆದ ಟವೆಲ್ಲನ್ನು ಅದರ ಮೇಲೆ ಹಾಸಿದೆ. "ಯಾರರ ಬರೋರು ಅದಾರೇನ್ರಿ ಸಿಸ್ಟರ್? ಯಾರ ಸೀಟದು?" ಎಂದು ಒಬ್ಬಳು ಕೇಳಿದಳು.

"ಕಮಲವ್ವಾರದು," ಎಂದೆ. "ಹೋಗಿ ಬರ್ತೀನಿ ಅಂದಾರ. ಶನಿವಾರಕ್ಕೊಮ್ಮಿ ಟವೆಲ್ ಬದಲಸ್ರಿ."